ಕೌದಿಯ ಹೊಟ್ಟೆಯ ಅಕ್ಕಿ

ನಾನು ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಓದುತ್ತ ಹೋದಂತೆ ನೀವೇ ಕಂಡುಹಿಡಿದು ಬೀಗುತ್ತೀರಿ. ಚಿಕ್ಕಂದಿನಲ್ಲಿ ತಂಗಿಯ ಜಡೆ ನನ್ನದಕ್ಕಿಂತ ಉದ್ದವೆಂದು, ಕಾಲೇಜಿನಲ್ಲಿ ಗೆಳತಿಯ ಇಂಗ್ಲಿಷು ಚೆನ್ನಾಗಿದೆಯೆಂದು, ಮದುವೆಯಾದ ಮೇಲೆ ಓರಗಿತ್ತಿಯ ಸಾರನ್ನು ಅತ್ತೆ ಎರಡು ಸಲ ಬಡಿಸಿಕೊಂಡರೆಂದು ಉರಿದುಕೊಂಡವಳು ನಾನು. ಆದರೆ ಅವೆಲ್ಲ ಸಣ್ಣಪುಟ್ಟ ಉರಿ. ನಿಜವಾದ ಬೆಂಕಿ ಬಿದ್ದದ್ದು ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ, ಹಗಲು ಹೊತ್ತು ಮಕ್ಕಳನ್ನು ಬಿಡುವ ಶಿಶುವಿಹಾರ, ಅಲ್ಲಿನವರ ದಾಗಿಸ್‌ನ ಬಾಗಿಲಲ್ಲಿ. ಸಂಜೆ ಐದೂಕಾಲಿಗೆ ಏದುಸಿರು ಬಿಡುತ್ತ ಬಂದ ನನ್ನನ್ನು ನೋಡಿ, ಮೂರು ವರ್ಷದ ನನ್ನ ಮಗಳು ಇನ್ನೊಬ್ಬ ಹೆಂಗಸಿನ ಕುತ್ತಿಗೆಯನ್ನು ತಬ್ಬಿ, ನನ್ನ ಕಡೆ ಬೆನ್ನು ಮಾಡಿ "ಇಂತೆ ದು" ಎಂದಳು. ಅಂದರೆ, "ನೀನಲ್ಲ."

ಸ್ವೀಡಿಷ್ ನನಗೆ ಆಗ ಅಷ್ಟಾಗಿ ಬರುತ್ತಿರಲಿಲ್ಲ. ಆದರೆ ಆ ಎರಡು ಶಬ್ದಗಳಿಗೆ ಯಾವ ನಿಘಂಟೂ ಬೇಕಾಗಲಿಲ್ಲ.

ಅದು ಎರಡು ಸಾವಿರದ ದಶಕದ ನಡುಭಾಗ. ಗಂಡನಿಗೆ ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಕೆಲಸ, ನನಗೆ ಮೋಲ್ನ್‌ಡಾಲ್‌ನಲ್ಲಿ ಔಷಧ ಸಂಶೋಧನೆಯ ಅಂಕಿಅಂಶ ನೋಡುವ ಕೆಲಸ. ಊರಿನ ಎರಡು ತುದಿಗಳಲ್ಲಿ ನಾವಿಬ್ಬರು, ನಡುವೆ ಎಲ್ಲೋ ಮಗಳು. ಸ್ವೀಡನ್ನಿನ ಅಪ್ಪ ಅಮ್ಮಂದಿರು ಮೂರೂವರೆ, ನಾಲ್ಕು ಗಂಟೆಗೆಲ್ಲ ಬಂದು ತಮ್ಮ ಮಕ್ಕಳನ್ನು ಕರೆದೊಯ್ಯುತ್ತಿದ್ದರು. ಕೊನೆಗೆ ಉಳಿಯುತ್ತಿದ್ದದ್ದು ನನ್ನ ಮಗಳು ಮತ್ತು ಆಕೆ.

ಆಕೆಯ ಹೆಸರು ನನಗೆ ಗೊತ್ತಿದೆ. ಇಲ್ಲಿ ಬರೆಯುವುದಿಲ್ಲ. ಆ ಹಕ್ಕನ್ನು ನಾನು ಹೇಗೆ ಕಳೆದುಕೊಂಡೆನೆಂದು ಮುಂದೆ ತಿಳಿಯುತ್ತದೆ.

ಆಕೆ ಆಫ್ರಿಕದ ಪೂರ್ವ ಕರಾವಳಿಯ ಜಾಂಜಿಬಾರ್ ದ್ವೀಪದವಳು. ನಲವತ್ತರ ಆಸುಪಾಸಿನ, ಗಟ್ಟಿ ಮೈಕಟ್ಟಿನ, ತಲೆಗೆ ಹೂಬಣ್ಣದ ವಸ್ತ್ರ ಸುತ್ತಿಕೊಳ್ಳುತ್ತಿದ್ದ ಮುಸಲ್ಮಾನ ಹೆಂಗಸು. ದಾಗಿಸ್‌ನಲ್ಲಿ ತಾತ್ಕಾಲಿಕ ಕೆಲಸ, ಆರು ತಿಂಗಳಿಗೊಮ್ಮೆ ಮುಂದುವರಿಸುವಂಥದ್ದು. ಆಕೆಗೂ ಒಬ್ಬ ಮಗಳಿದ್ದಳು. ಕುತ್ತಿಗೆಗೆ ಬೀಗದ ಕೈ ನೇತುಹಾಕಿಕೊಂಡು ತಾನೇ ಶಾಲೆಯಿಂದ ಮನೆಗೆ ಬಂದು, ತಾನೇ ಬ್ರೆಡ್ಡು ತಿಂದು ತಾಯಿಗಾಗಿ ಕಾಯುತ್ತಿದ್ದ ಹುಡುಗಿ. ನನಗೆ ತಡವಾದ ದಿನಗಳಲ್ಲಿ ಆಕೆ ಗೋಡೆಯ ಗಡಿಯಾರವನ್ನು ಒಮ್ಮೆ ನೋಡುತ್ತಿದ್ದಳು, ಅಷ್ಟೇ. ಬಾಯಿಬಿಟ್ಟು ಒಂದು ಮಾತು ಹೇಳಿದವಳಲ್ಲ. ಹೇಳಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಜಗಳವಾಡಬಹುದಿತ್ತು.

ಮನೆಯಲ್ಲಿ ಮೊಸರನ್ನದ ತುತ್ತು ಹಿಡಿದು ಮನೆಯೆಲ್ಲ ಸುತ್ತಿದರೂ ಬಾಯಿ ತೆರೆಯದ ನನ್ನ ಮಗಳು ಆಕೆಯ ಕೈಯಲ್ಲಿ ಬೇಯಿಸಿದ ಮೀನನ್ನೂ ಚಪ್ಪರಿಸಿ ತಿಂದಳಂತೆ. ನಾವು ಮೀನು ಮುಟ್ಟದ ಮನೆಯವರು. "ಬಿಡೇ, ಪ್ರೋಟೀನ್ ಅಲ್ವಾ, ಹೈಟ್ ಬರ್ತಾಳೆ" ಎಂದು ನನ್ನ ಗಂಡ ನಕ್ಕ. ಬೆಂಗಳೂರಿನವನು, ಎಲ್ಲದಕ್ಕೂ 'ಬಿಡೇ' ಎನ್ನುವ ಜಾತಿ. ನನಗೆ ಮೀನಿನ ಚಿಂತೆ ಇರಲಿಲ್ಲ. ಕೈಯ ಚಿಂತೆ ಇತ್ತು. ಆ ಕೈಯಲ್ಲಿ ಏನಿದೆ, ನನ್ನ ಕೈಯಲ್ಲಿ ಏನಿಲ್ಲ?

ಇನ್ನು ಕೌದಿಯ ವಿಷಯಕ್ಕೆ ಬರುತ್ತೇನೆ.

ನನ್ನ ತವರು ಹಳಿಯಾಳ. ಅಪ್ಪನದು ಬಜಾರಿನಲ್ಲಿ ಬಟ್ಟೆ ಅಂಗಡಿ. ನಮ್ಮ ಸೀಮೆಯ ಕಾಡಂಚಿನ ಊರುಗಳಲ್ಲಿ ಸಿದ್ದಿಗಳಿದ್ದಾರೆ. ನೂರಾರು ವರ್ಷಗಳ ಹಿಂದೆ ಆಫ್ರಿಕದಿಂದ ಗುಲಾಮರಾಗಿ ಹಡಗು ಹತ್ತಿಸಿಕೊಂಡು ಬಂದವರ ಪೀಳಿಗೆ. ಕೆಲವರ ಹಿರಿಯರು ಗೋವೆಯ ಪೋರ್ಚುಗೀಸರ ಮನೆಗಳಿಂದ ತಪ್ಪಿಸಿಕೊಂಡು ಕಾಡು ಸೇರಿದವರು, ಕೆಲವರ ಹಿರಿಯರು ಸುಲ್ತಾನರ ಕಾಲದಲ್ಲಿ ಬಂದವರು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ನಾನು ಹುಟ್ಟಿದಾಗ ನಮ್ಮ ಮನೆಯಲ್ಲಿ ಕೆಲಸಕ್ಕಿದ್ದದ್ದು ಒಬ್ಬ ಮುಸಲ್ಮಾನ ಸಿದ್ದಿ ಹೆಂಗಸು. ನನ್ನನ್ನು ಎತ್ತಿ ಆಡಿಸಿದವಳು, ಎರೆದವಳು, ತೂಗಿದವಳು ಅವಳೇ. ಅವಳನ್ನು ನಾವು ಬೂಬಮ್ಮ ಎಂದು ಕರೆಯುತ್ತಿದ್ದೆವು. ಅವಳ ಗುಂಗುರು ಕೂದಲೊಳಗೆ ಬೆರಳು ತೂರಿಸಿ ಮಲಗುತ್ತಿದ್ದದ್ದು ನನಗೆ ಈಗಲೂ ನೆನಪಿದೆ. ನನಗೆ ನಾಲ್ಕು ವರ್ಷವಾದಾಗ ಅವಳು ಕೆಲಸ ಬಿಟ್ಟು ಹೋದಳು. ಯಾಕೆಂದು ಕೇಳಿದರೆ ಅವ್ವ, "ಅಕಿನ ಬಿಟ್ಟು ಹ್ವಾದಳು" ಎನ್ನುತ್ತಿದ್ದಳು. ನಾನು ನಂಬಿದ್ದೆ.

ಅವಳು ನನಗಾಗಿ ಒಂದು ಕೌದಿ ಹೊಲಿದಿದ್ದಳು. ಅಪ್ಪನ ಅಂಗಡಿಯಲ್ಲಿ ಉಳಿದ ತುಂಡುಗಳು, ಅವ್ವನ ಹಳೆಯ ಇಳಕಲ್ ಸೀರೆಯ ಸೆರಗು, ಯಾರದೋ ಲುಂಗಿ, ಯಾರದೋ ಕುಪ್ಪಸ. ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ಹೂವು ಕೂರಿಸುತ್ತಾರೆ. ಹೂವಿಲ್ಲದ ಕೌದಿ ಬತ್ತಲೆ ಎನ್ನುತ್ತಾರಂತೆ. ಮಗುವಿನ ಕೌದಿಯಾದರೆ ಕೊನೆಯ ಹೊಲಿಗೆ ಹಾಕುವ ಮುಂಚೆ ನಟ್ಟನಡುವಿನ ತೇಪೆಯೊಳಗೆ ನಾಲ್ಕು ಕಾಳು ಅಕ್ಕಿ ಇಟ್ಟು ಮುಚ್ಚುವುದೂ ಉಂಟು. ಅದು ಕೌದಿಯ ಹೊಟ್ಟೆ. ಅದನ್ನು ಹೊದ್ದ ಮಗುವಿನ ಹೊಟ್ಟೆ ಎಂದೂ ಹಸಿಯಬಾರದು ಎಂಬ ಹಾರೈಕೆ.

ನನ್ನ ಕೌದಿ ಹಳಿಯಾಳದಿಂದ ಧಾರವಾಡದ ಹಾಸ್ಟೆಲ್ಲಿಗೆ, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ಗೋಥೆನ್‌ಬರ್ಗಿಗೆ ಬಂದಿತ್ತು. ಒಂದು ಮೂಲೆಯ ಹೂವು ಎಲ್ಲೋ ಉದುರಿಹೋಗಿತ್ತು. ದಾಗಿಸ್‌ನಲ್ಲಿ ಮಧ್ಯಾಹ್ನ ಮಲಗಲು ಮನೆಯಿಂದ ಮಗುವಿನ ಇಷ್ಟದ ಹೊದಿಕೆ ತನ್ನಿ ಎಂದಾಗ ಅದನ್ನೇ ಕೊಟ್ಟು ಕಳಿಸಿದೆ. ಕೊಟ್ಟದ್ದರಲ್ಲಿ ನನ್ನ ಲೆಕ್ಕಾಚಾರವೂ ಇತ್ತು. ಮಗಳು ಆ ಹೆಂಗಸಿನ ಮಡಿಲಲ್ಲಿ ಮಲಗಿದರೂ ನನ್ನ ವಾಸನೆಯಲ್ಲಿ ಮಲಗಲಿ ಎಂದು.

ಅಂದು ಸಂಜೆ ಹೋದಾಗ ಆಕೆ ಕೌದಿಯನ್ನು ಮೊಣಕಾಲ ಮೇಲೆ ಹಾಸಿಕೊಂಡು ಕೂತಿದ್ದಳು. ಹೊಲಿಗೆಯ ಮೇಲೆ ಬೆರಳಾಡಿಸುತ್ತ ನಡುವಿಗೆ ಬಂದು, ಅಲ್ಲಿ ಒತ್ತಿ ನೋಡಿ, ನಮ್ಮಿಬ್ಬರಿಗೂ ಬರುತ್ತಿದ್ದ ಇಂಗ್ಲಿಷಿನಲ್ಲಿ "ಒಳಗೆ ಏನೋ ಇದೆ" ಎಂದಳು.

"ಅಕ್ಕಿ" ಎಂದೆ. ಯಾಕೆಂದೂ ಹೇಳಿದೆ.

ಆಕೆಯ ಮುಖ ಅರಳಿತು. "ಯಾರು ಹೊಲಿದದ್ದು?"

"ನನ್ನನ್ನು ಸಾಕಿದ ಹೆಂಗಸು. ನಿಮ್ಮ ಕಡೆಯ ಮೂಲದವಳೇ. ಅವರ ಹಿರಿಯರನ್ನು ಆಫ್ರಿಕದಿಂದ ತಂದಿದ್ದರು. ಮುಸಲ್ಮಾನಳು."

"ಅವರ ಹೆಸರೇನು?"

ನಾನು ಬಾಯಿ ತೆರೆದೆ. ಬೂಬಮ್ಮ ಎನ್ನಲು ಹೊರಟವಳು ಅಲ್ಲೇ ನಿಂತೆ. ಬೂಬಮ್ಮ ಹೆಸರಲ್ಲ. ನಮ್ಮ ಕಡೆ ಹಾಲು ತರುವ ಮುಸಲ್ಮಾನ ಹೆಂಗಸೂ ಬೂಬಮ್ಮ, ಬಳೆ ಮಾರುವವಳೂ ಬೂಬಮ್ಮ. ಒಂದು ಕೇರಿಯ ಹೆಂಗಸರನ್ನೆಲ್ಲ ಒಂದೇ ಶಬ್ದದಲ್ಲಿ ಕರೆದು ಮುಗಿಸುವ ಉಪಾಯ ಅದು. ನಾಲ್ಕು ವರ್ಷ ನನ್ನನ್ನು ಸೊಂಟದ ಮೇಲೆ ಹೊತ್ತವಳ ಹೆಸರು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದೂ ಆ ಕ್ಷಣದವರೆಗೆ ಗೊತ್ತಿರಲಿಲ್ಲ.

ನಿಜ ಹೇಳಬಹುದಿತ್ತು. ಆದರೆ ಮಗಳು ಆಕೆಯ ತೊಡೆಗೆ ಒರಗಿ ನನ್ನ ಬಾಯನ್ನೇ ನೋಡುತ್ತಿದ್ದಳು. ಆಕೆಯ ಎದುರು ಸಣ್ಣವಳಾಗಲು ನನಗೆ ಮನಸ್ಸಾಗಲಿಲ್ಲ. ಬಾಯಿಗೆ ಬಂದ ಹೆಸರೊಂದನ್ನು ಹೇಳಿಬಿಟ್ಟೆ. ಅದು ನಮ್ಮ ಕಾಲೇಜಿನ ಗ್ರಂಥಪಾಲಕಿಯ ಹೆಸರು.

ಆಕೆ ಆ ಹೆಸರನ್ನು ಮೆಲ್ಲಗೆ ಎರಡು ಸಲ ಹೇಳಿಕೊಂಡಳು. ಮಗಳೂ ಹೇಳಿದಳು. ಅಂದಿನಿಂದ ಪ್ರತಿ ಮಧ್ಯಾಹ್ನ ಕೌದಿ ಹೊದಿಸುವಾಗ ಆಕೆ ಆ ಹೆಸರು ಹೇಳಿ, "ಇದನ್ನು ಹೊಲಿದ ಅಜ್ಜಿಗೆ ಥ್ಯಾಂಕ್ಸ್ ಹೇಳು" ಎನ್ನುತ್ತಿದ್ದಳಂತೆ. ಮಗಳು ಮನೆಯಲ್ಲೂ ಕೌದಿಯನ್ನು ಅದೇ ಹೆಸರಿನಿಂದ ಕರೆಯತೊಡಗಿದಳು. ನನ್ನ ಸುಳ್ಳು ನನ್ನ ಮನೆಯಲ್ಲೇ ದಿನಕ್ಕೆ ಹತ್ತು ಸಲ ಕೂಗಿಸಿಕೊಳ್ಳುತ್ತ ಓಡಾಡಿತು.

ಚಳಿಗಾಲ ಬಂತು. ಮೂರೂವರೆಗೆಲ್ಲ ಕತ್ತಲೆ. ನನ್ನ ಉರಿಯೂ ಜಾಸ್ತಿಯಾಯಿತು. ಮಗಳು ಕನಸಿನಲ್ಲಿ ಕನವರಿಸಿದರೆ ಯಾರನ್ನು ಕರೆಯುತ್ತಾಳೆಂದು ಕಿವಿಗೊಟ್ಟು ಕೇಳುತ್ತಿದ್ದೆ. ಅವಳು ಬಿದ್ದು ಮೊಣಕಾಲು ತರಚಿಕೊಂಡಾಗ ನಾನು ಊದಿದರೆ ಸಾಲದು, "ಅವಳು ಊದಬೇಕು" ಎನ್ನುತ್ತಿದ್ದಳು. ಮಗಳಿಗೆ ಚಾಕಲೇಟು ಕೊಟ್ಟೆ, ಗೊಂಬೆ ಕೊಟ್ಟೆ, ಎರಡು ದಿನ ರಜೆ ಹಾಕಿ ಹಿಮದಲ್ಲಿ ಜಾರುಬಂಡಿ ಎಳೆದೆ. ಮೂರನೇ ದಿನ ದಾಗಿಸ್‌ನ ಬಾಗಿಲಲ್ಲಿ ನನ್ನ ಕೈ ಕೊಸರಿಕೊಂಡು ಓಡಿದಳು. ಆಕೆ ಬಗ್ಗಿ ಎರಡೂ ಕೈ ಚಾಚಿದಳು. ಆ ಚಾಚಿದ ಕೈಗಳನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇದರಲ್ಲಿ ಆಕೆಯ ತಪ್ಪೇನೂ ಇಲ್ಲವೆಂಬುದು ಗೊತ್ತಿತ್ತು. ಅದು ಗೊತ್ತಿದ್ದದ್ದರಿಂದಲೇ ಇನ್ನಷ್ಟು ಸಿಟ್ಟು.

ಫೆಬ್ರವರಿಯ ಒಂದು ಶನಿವಾರ ಮಗಳು ಕೌದಿಯನ್ನು ನಡುಮನೆಯಲ್ಲಿ ಹಾಸಿ, ಅದರ ಮೇಲೆ ನಿಂತು, ಮಂಡಿಯೂರಿ, ಹಣೆಯನ್ನು ನೆಲಕ್ಕೆ ಹಚ್ಚಿದಳು. ಎದ್ದಳು. ಮತ್ತೆ ಹಚ್ಚಿದಳು.

"ನೋಡೇ, ಯೋಗ ಮಾಡ್ತಿದಾಳೆ ನಿನ್ ಮಗಳು" ಎಂದ ಗಂಡ, ಕಂಪ್ಯೂಟರಿನಿಂದ ತಲೆಯೆತ್ತದೆ.

ಅದು ಯೋಗವಲ್ಲ, ನಮಾಜು ಎಂದು ನನಗೆ ಗೊತ್ತಾಯಿತು. ಹೇಗಾಗಿತ್ತೆಂದೂ ಊಹಿಸಿದೆ. ಆಕೆ ತನ್ನ ಬಿಡುವಿನ ಹದಿನೈದು ನಿಮಿಷದಲ್ಲಿ, ಮಕ್ಕಳ ತಳ್ಳುಗಾಡಿಗಳನ್ನಿಡುವ ಕೋಣೆಯ ಮೂಲೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದಳು. ಬಾಗಿಲು ಓರೆಯಾಗಿದ್ದ ಯಾವಾಗಲೋ ಮಗಳು ಇಣುಕಿರಬೇಕು. ಆಕೆಯ ಬೆನ್ನು ಬಿಡದ ಮಗು ಆಕೆ ಬಗ್ಗಿದರೆ ತಾನೂ ಬಗ್ಗುತ್ತದೆ. ಯಾರೂ ಕಲಿಸಬೇಕಾಗಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಎದೆಯಲ್ಲಿ ಆ ಹೊತ್ತಿಗೆ ಹುಟ್ಟಿದ್ದು ಭಯವಲ್ಲ, ಖುಷಿ. ಸಿಕ್ಕಿಬಿಟ್ಟಳು ಎಂಬ ಖುಷಿ.

ಮುಂದಿನ ವಾರ ಮಗುವಿನ ಬೆಳವಣಿಗೆಯ ಬಗ್ಗೆ ದಾಗಿಸ್‌ನ ಮುಖ್ಯಸ್ಥೆಯ ಜೊತೆ ಮಾತುಕತೆಯಿತ್ತು. ಕಾಫಿ ಕುಡಿದು, ಮಗಳು ಬಿಡಿಸಿದ ಚಿತ್ರಗಳನ್ನೆಲ್ಲ ಹೊಗಳಿ, ಏಳುವ ಹೊತ್ತಿಗೆ ನಾನು ಬಹಳ ಮೃದುವಾಗಿ ಹೇಳಿದೆ. ದೂರಲ್ಲ, ಸುಮ್ಮನೆ ಗಮನಕ್ಕೆ ತರುತ್ತಿದ್ದೇನೆ. ಮಗಳು ಮನೆಯಲ್ಲಿ ನಮಾಜು ಮಾಡುತ್ತಿದ್ದಾಳೆ. ನಾವು ಹಿಂದೂಗಳು. ಕಮ್ಯೂನಿನ, ಅಂದರೆ ನಗರಸಭೆಯ, ದಾಗಿಸ್‌ನಲ್ಲಿ ಧರ್ಮ ಕಲಿಸುವಂತಿಲ್ಲ ಎಂದು ಕೇಳಿದ್ದೆವು.

ಮುಖ್ಯಸ್ಥೆಯ ಕೈ ಕಪ್ಪಿನ ಮೇಲೆ ನಿಂತಿತು. ಆ ವರ್ಷಗಳಲ್ಲಿ ಆ ಮಾತಿಗೆ ಎಷ್ಟು ತೂಕವಿದೆಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಪತ್ರಿಕೆ ತೆರೆದರೆ ತಲೆವಸ್ತ್ರದ ಚರ್ಚೆ, ಟಿವಿ ಹಾಕಿದರೆ ಅದೇ. ನಾನು ಬೆಂಕಿಕಡ್ಡಿ ಗೀರಿ ಅಲ್ಲಿಟ್ಟು, ಕೋಟು ಹಾಕಿಕೊಂಡು ಬಂದೆ. ಗಂಡನಿಗೂ ಹೇಳಲಿಲ್ಲ.

ವಸಂತದಲ್ಲಿ ಪೋಷಕರ ಫೀಕಾ ನಡೆಯಿತು. ಫೀಕಾ ಎಂದರೆ ಕಾಫಿ, ತಿಂಡಿ, ಹರಟೆ. ಆ ದೇಶದವರ ನಿಜವಾದ ಪೂಜೆ ಅದೇ. ಒಬ್ಬೊಬ್ಬರೂ ಒಂದೊಂದು ತಿಂಡಿ ತಂದಿದ್ದರು. ನಾನು ಕೊಬ್ಬರಿ ಮಿಠಾಯಿ, ಆಕೆ ಏಲಕ್ಕಿ ಹಾಕಿ ಕರಿದ ಉಬ್ಬಿದ ರೊಟ್ಟಿ. ಎಲ್ಲರ ಕೈಯೂ ಆಕೆಯ ತಟ್ಟೆಗೇ ಹೋಗುತ್ತಿತ್ತು. ನನ್ನ ಮಿಠಾಯಿ ಹಾಗೇ ಕೂತಿತ್ತು. ಮಗಳು ಆಕೆಯ ಮಡಿಲಲ್ಲಿ.

ಒಬ್ಬ ತಾಯಿ ಕೌದಿಯನ್ನು ನೋಡಿ ಚೆಂದವಿದೆ ಎಂದಳು. ನನಗೆ ಅಷ್ಟು ಸಾಕಾಯಿತು. ಮಾತನ್ನು ನನ್ನ ಕಡೆ ಎಳೆದುಕೊಂಡೆ. ಸಿದ್ದಿಗಳ ಬಗ್ಗೆ ಹೇಳಿದೆ. ಅಲ್ಲಿಂದ ವಿಜಾಪುರಕ್ಕೆ ಹಾರಿದೆ. ಕಾಲೇಜು ಪ್ರವಾಸದಲ್ಲಿ ನೋಡಿದ್ದು, ಪುಸ್ತಕದಲ್ಲಿ ಓದಿದ್ದು ಎಲ್ಲ ಸೇರಿಸಿದೆ. "ನಮ್ಮ ದಖ್ಖನಿನಲ್ಲಿ ಆಫ್ರಿಕದ ಗುಲಾಮರು ಸೇನಾಪತಿಗಳಾದರು, ಮಂತ್ರಿಗಳಾದರು, ಸುಲ್ತಾನರನ್ನು ಕೂರಿಸಿದರು, ಇಳಿಸಿದರು. ಇಸ್ಲಾಮಿನಲ್ಲಿ ಗುಲಾಮ ಮೇಲೇರಬಹುದಿತ್ತು. ಅಮೆರಿಕದ ಹಾಗಲ್ಲ." ಸ್ವೀಡಿಷರು ಹುಬ್ಬೇರಿಸಿ ಕೇಳಿದರು. ಆಕೆಯನ್ನು ಮೆಚ್ಚಿಸುವ ಮಾತು ಅದು ಎಂದುಕೊಂಡಿದ್ದೆ. ಮೆಚ್ಚಿಸಿ ಮೇಲೆ ನಿಲ್ಲುವ ಆಸೆ.

ಆಕೆ ಮಗಳ ತಲೆ ನೇವರಿಸುತ್ತ ಕೇಳಿದಳು: "ಎಷ್ಟು ಜನ ಮಂತ್ರಿಗಳಾದರು?"

"ಕೆಲವರು" ಎಂದೆ.

"ಉಳಿದವರು?"

ಆಕೆ ಜಗಳದ ದನಿಯಲ್ಲಿ ಕೇಳಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಆಮೇಲೆ ತಾನೇ ಹೇಳತೊಡಗಿದಳು.

"ನನ್ನ ಮುತ್ತಜ್ಜಿ ಮಂತ್ರಿಯಾಗಲಿಲ್ಲ. ಆಯಾ ಆದಳು. ದೊಡ್ಡ ಸರೋವರದ ಆಚೆಯ ಹಳ್ಳಿಯಲ್ಲಿ ಅವಳನ್ನು ಹಿಡಿದಾಗ ಹಲ್ಲು ಬೀಳುವ ವಯಸ್ಸು. ಕಡಲವರೆಗೆ ನಡೆಸಿದರು, ಹಾಯಿದೋಣಿಯಲ್ಲಿ ದ್ವೀಪಕ್ಕೆ ತಂದರು. ಲವಂಗದ ತೋಟದ ಒಬ್ಬ ಅರಬ್ ಯಜಮಾನ ಕೊಂಡ. ಮನೆಗೆ ಬಂದ ದಿನವೇ ಹೊಸ ಹೆಸರಿಟ್ಟರು. ಹಳೆಯ ಹೆಸರೇನೆಂದು ಯಾರೂ ಕೇಳಲಿಲ್ಲ. ಅವಳಿಗೂ ಮುದುಕಿಯಾಗುವ ಹೊತ್ತಿಗೆ ಮರೆತುಹೋಗಿತ್ತಂತೆ. ಅದಕ್ಕೇ ನಮ್ಮ ಮನೆಯಲ್ಲಿ ಯಾರು ಬಂದರೂ ಮೊದಲು ಹೆಸರು ಕೇಳುತ್ತೇವೆ."

ನಾನು ಕಪ್ಪಿನೊಳಗೆ ನೋಡಿದೆ.

"ಆ ಮನೆಯಲ್ಲಿ ಅವಳಿಗೆ ಕಲ್ಮಾ ಕಲಿಸಿದರು, ನಮಾಜು ಕಲಿಸಿದರು. ಮನೆಯ ಮಗುವನ್ನು ಅವಳ ಕೈಗೆ ಕೊಟ್ಟರು. ಮಗು ಅವಳನ್ನು ಬಿಟ್ಟು ಮಲಗುತ್ತಿರಲಿಲ್ಲ, ಉಣ್ಣುತ್ತಿರಲಿಲ್ಲ. ಯಜಮಾನಿಗೆ ಸಹಿಸಲಾಗಲಿಲ್ಲ. ಒಂದು ದಿನ ಗಂಡನಿಗೆ ಹೇಳಿದಳಂತೆ, ಈ ಗುಲಾಮಳು ನಮ್ಮ ಮಗುವಿಗೆ ಕಾಡಿನ ದೇವರುಗಳ ಹಾಡು ಕಲಿಸುತ್ತಿದ್ದಾಳೆ, ಮಗು ನಮ್ಮ ಧರ್ಮ ಬಿಡುತ್ತದೆ ಅಂತ. ಐದು ಹೊತ್ತು ನಮಾಜು ಮಾಡುತ್ತಿದ್ದ ಹುಡುಗಿ ಅವಳು. ಆದರೂ ಆ ಒಂದು ಮಾತು ಸಾಕಾಯಿತು. ಯಾರದೋ ಮದುವೆಗೆ ಉಡುಗೊರೆಯಾಗಿ ಕೊಟ್ಟುಬಿಟ್ಟರು."

ನನ್ನ ಕಿವಿಯಲ್ಲಿ ನನ್ನದೇ ಮೃದು ದನಿ ಕೇಳುತ್ತಿತ್ತು. ದೂರಲ್ಲ, ಸುಮ್ಮನೆ ಗಮನಕ್ಕೆ ತರುತ್ತಿದ್ದೇನೆ. ಆಕೆಗೆ ಗೊತ್ತಿದೆಯೇ? ಮುಖ ನೋಡಿದೆ. ಗೊತ್ತಿರುವ ಹಾಗೆ ಕಾಣಲಿಲ್ಲ. ಗೊತ್ತಿದ್ದರೆ ಒಳ್ಳೆಯದಿತ್ತು.

ಒಬ್ಬ ತಂದೆ ಹಿಂಜರಿಯುತ್ತ ಕೇಳಿದ, "ಇಷ್ಟಾದ ಮೇಲೂ ಆ ಧರ್ಮವನ್ನೇ ಯಾಕೆ ಉಳಿಸಿಕೊಂಡಿರಿ?"

ಆಕೆ ನಕ್ಕಳು. "ಪ್ರವಾದಿಯವರ ಕಾಲದಲ್ಲಿ ಮೊದಲ ಬಾಂಗ್ ಕೂಗಿದವರು ಕಪ್ಪು ತಾಯಿಯ ಮಗ, ಗುಲಾಮರಾಗಿದ್ದವರು. ಆ ಕತೆ ಮುತ್ತಜ್ಜಿಯೂ ಕೇಳಿದ್ದಳು, ಯಜಮಾನಿಯೂ ಕೇಳಿದ್ದಳು. ಮುತ್ತಜ್ಜಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದೇವರು ಯಜಮಾನಿಯ ಸ್ವತ್ತೇನಲ್ಲವಲ್ಲ, ಬಿಟ್ಟುಕೊಡುವುದಕ್ಕೆ." ಮತ್ತೆ ಹೇಳಿದಳು: "ಗುಲಾಮರನ್ನು ಬಿಡುಗಡೆ ಮಾಡಿದರೆ ದೊಡ್ಡ ಪುಣ್ಯ ಅಂತ ಧರ್ಮ ಹೇಳುತ್ತದೆ. ಮುತ್ತಜ್ಜಿಯ ಎರಡನೇ ಯಜಮಾನ ಸಾಯುವ ಮುಂಚೆ ಆ ಪುಣ್ಯ ಕಟ್ಟಿಕೊಂಡ. ನಮ್ಮ ಅಜ್ಜಿ ಹೇಳುತ್ತಿದ್ದಳು, ಬಿಡುಗಡೆ ಮಾಡುವ ಪುಣ್ಯ ಬೇಕಾದರೆ ಮೊದಲು ಹಿಡಿದಿಟ್ಟಿರಬೇಕಲ್ಲ ಅಂತ. ಈ ವ್ಯಾಪಾರ ಮಾಡಿದವರು ಅವರೊಬ್ಬರೇ ಅಲ್ಲ. ಹಡಗುಗಳಲ್ಲಿ ಶಿಲುಬೆಯವರೂ ಇದ್ದರು. ದಡದ ಅಂಗಡಿಗಳಲ್ಲಿ ನಿಮ್ಮ ಇಂಡಿಯಾದವರೂ ಇದ್ದರು." ಕೊನೆಯ ಮಾತನ್ನು ನನ್ನ ಕಡೆ ತಿರುಗಿ, ಬೇಸರವಿಲ್ಲದೆ ಹೇಳಿದಳು.

ನಾನು ಅಲ್ಲೇ ಎದ್ದು ಮುಖ್ಯಸ್ಥೆಯ ಬಳಿ ಹೋಗಿ, ಅಂದು ಹೇಳಿದ್ದು ತಪ್ಪು, ಆಕೆ ಏನನ್ನೂ ಕಲಿಸಿಲ್ಲ ಎಂದು ಹೇಳಬಹುದಿತ್ತು. ಹತ್ತು ಹೆಜ್ಜೆಯ ದೂರ. ಎದ್ದೆ ಕೂಡ. ಅಷ್ಟರಲ್ಲಿ ಮಗಳಿಗೆ ನಿದ್ದೆ ಬಂದು, ಆಕೆಯ ತಲೆವಸ್ತ್ರದ ಅಂಚಿನೊಳಗೆ ಬೆರಳು ತೂರಿಸಿಕೊಂಡಳು. ನಾನು ಮತ್ತೆ ಕೂತೆ. ಮಿಠಾಯಿಯ ಡಬ್ಬಿಯ ಮುಚ್ಚಳ ಹಾಕಿದೆ.

ಜೂನ್ ತಿಂಗಳಲ್ಲಿ ಆಕೆಯ ಕೆಲಸದ ಅವಧಿ ಮುಗಿಯಿತು. ಮುಂದುವರಿಸಲಿಲ್ಲ. ಕಾರಣವನ್ನು ಯಾರೂ ಹೇಳಲಿಲ್ಲ, ಆ ದೇಶದಲ್ಲಿ ಅಂಥದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಕ್ಕಳ ಸಂಖ್ಯೆ ಕಡಿಮೆಯಾಗಿದೆ ಎಂದರಂತೆ. ಇದ್ದರೂ ಇರಬಹುದು. ನನ್ನ ಮಾತಿನಿಂದಲೇ ಆಯಿತೋ ಇಲ್ಲವೋ ಎಂಬುದು ನನಗೆ ಇವತ್ತಿಗೂ ತಿಳಿಯದು. ಆದರೆ ಆಗಲಿ ಎಂದು ಬಯಸಿ ಹೇಳಿದವಳು ನಾನೇ, ಅದಂತೂ ತಿಳಿದಿದೆ.

ಕೊನೆಯ ದಿನ ಆಕೆ ಕೌದಿಯನ್ನು ಒಗೆದು, ಮಡಚಿ, ಚೀಲದಲ್ಲಿ ಹಾಕಿ ಕೊಟ್ಟಳು. ಮನೆಗೆ ಬಂದು ಬಿಚ್ಚಿದಾಗ ಉದುರಿದ್ದ ಮೂಲೆಯಲ್ಲಿ ಹೊಸದೊಂದು ಹೂವು ಇತ್ತು, ಆಕೆಯ ತಲೆವಸ್ತ್ರದ ಹೂಬಣ್ಣದ ಬಟ್ಟೆಯದು. ಉಳಿದ ಮೂರನ್ನು ನೋಡಿಕೊಂಡು ಹಾಗೇ ಮಡಚಿ ಹೊಲಿದಿದ್ದಳು. ಅದಕ್ಕೂ ಮುಂಚೆ, ದಾಗಿಸ್‌ನ ಬಾಗಿಲಲ್ಲಿ, ಆಕೆ ನನ್ನ ಕೈ ಹಿಡಿದುಕೊಂಡು ಆ ಸುಳ್ಳು ಹೆಸರನ್ನು ಹೇಳಿ, "ಊರಿಗೆ ಹೋದಾಗ ಅವರಿಗೆ ತಿಳಿಸಿ, ಅವರ ಅಕ್ಕಿ ಹಾಗೇ ಇದೆ ಅಂತ" ಎಂದಳು.

"ತಿಳಿಸ್ತೇನೆ" ಎಂದೆ.

ಮಗಳು ಎಂಟು ದಿನ ಅತ್ತಳು. ಊಟ ಬಿಟ್ಟಳು, ಜ್ವರ ಬಂತು. ಒಂಬತ್ತನೇ ದಿನ ಸಂಜೆ ನಾನು ದಾಗಿಸ್‌ನ ಬಾಗಿಲು ತೆಗೆದಾಗ "ಮಮ್ಮ" ಎಂದು ಕೂಗಿ, ಒಂದೇ ಓಟಕ್ಕೆ ಬಂದು ನನ್ನ ಕಾಲು ತಬ್ಬಿಕೊಂಡಳು. ನಾನು ಅವಳನ್ನು ಎತ್ತಿಕೊಂಡು ಬಸ್‌ಸ್ಟಾಪಿನವರೆಗೆ ನಡೆದೆ. ಗೆದ್ದಿದ್ದೆ. ಅಳು ಬಂತು. ಅದು ಸಂತೋಷದ ಅಳು ಎಂದೇ ಅಂದುಕೊಂಡೆ.

ಆ ಭಾನುವಾರ ಹಳಿಯಾಳಕ್ಕೆ ಫೋನ್ ಮಾಡಿದೆ. ವಾರಕ್ಕೊಮ್ಮೆ ಫೋನಿನ ಕಾರ್ಡು ತಂದು, ಅಂಕಿಗಳನ್ನೊತ್ತಿ ಅವ್ವನ ಜೊತೆ ಮಾತಾಡುವ ಕಾಲ ಅದು. ಮೊಮ್ಮಗಳು ಈಗ ನನ್ನ ಬಳಿಯೇ ಓಡಿ ಬರುತ್ತಾಳೆಂದು ಹೇಳಿ, ಆಮೇಲೆ ಕೇಳಿದೆ.

"ಅವ್ವಾ, ಬೂಬಮ್ಮನ ಹೆಸರೇನಿತ್ತು?"

"ಯಾವ ಬೂಬಮ್ಮ?"

"ನನ್ನ ಆಡಿಸಿದಾಕಿ. ಕೌದಿ ಹೊಲದಾಕಿ."

"ಬೂಬಮ್ಮ ಅಂತನ ಕರೀತಿದ್ವಿ. ಈಗ್ಯಾಕ ಅದು?"

"ಅಕಿ ಯಾಕ ಬಿಟ್ಟು ಹೋದಳು, ಖರೇ ಹೇಳು."

ಅವ್ವ ಹೇಳಿದಳು, ಇಷ್ಟು ವರ್ಷ ಆಗಿಹೋಯಿತಲ್ಲ ಎಂಬ ಧೈರ್ಯದ ಮೇಲೆ. "ಅಕಿ ಬಿಟ್ಟು ಹೋಗಲಿಲ್ಲವಾ. ನಾನ ಕಳಸೀನಿ. ನೀ ನನ್ನ ಹತ್ರ ಬರತಿದ್ದಿಲ್ಲ. ನಾ ಎತ್ತಿಕೊಂಡರ ಮೈ ಪರಚತಿದ್ದಿ. ಹಡದಾಕಿ ನಾನು. ಒಂದಿನ ನೀ ಅಕಿ ಹಂಗ ಮಂಡಿಯೂರಿ ನೆಲಕ್ಕ ಹಣಿ ಹಚ್ಚಿದಿ. ನಿಮ್ಮಪ್ಪಗ ಹೇಳಿದೆ, ನೋಡ್ರಿ, ಕೂಸಿಗೆ ನಮಾಜು ಕಲಸ್ಯಾಳ ಅಂತ. ಕಲಸಿದ್ದಿಲ್ಲ ಪಾಪ. ಎಂಟು ದಿನ ಅತ್ತಿ ನೀನು. ಆಮ್ಯಾಲ ಬಂದು ನನ್ನ ಸೆರಗು ಹಿಡದಿ. ನನಗ ಅಷ್ಟ ಬೇಕಾಗಿತ್ತು."

ಬೈಯಲು ನನಗೆ ಬಾಯಿಯೆಲ್ಲಿತ್ತು? ಸೋಫಾದ ಮೇಲೆ ಮಗಳು ಕೌದಿ ಹೊದ್ದು ಮಲಗಿದ್ದಳು. ನಾನು ಕೈ ಚಾಚಿ ನಡುವಿನ ತೇಪೆಯನ್ನು ಒತ್ತಿದೆ. ಕಾಳುಗಳು ಬೆರಳಿಗೆ ಸಿಕ್ಕವು.

ಅವ್ವ ತಾನಾಗಿಯೇ ಮುಂದುವರಿಸಿದಳು. "ಅಕಿಗೂ ಒಂದು ಹೆಣ್ಣುಕೂಸಿತ್ತು, ನಿನ್ನ ವಾರಿಗಿದು. ಹಿತ್ತಲ ಗೇಟಿನಾಗ ಬಂದು ನಿಲ್ಲತಿತ್ತು. ಒಳಗ ಬಾ ಅಂದರ ಬರತಿದ್ದಿಲ್ಲ. ಅವರವ್ವ ನಿನಗ ಉಣಸೋದನ್ನ ನೋಡಿಕೋತ, ನಿನ್ನ ದಿಟ್ಟಿಸಿ ನಿಂತಿರತಿತ್ತು. ಏನ್ ಕಣ್ಣವಾ ಅದರದು, ಸುಟ್ಟುಬಿಡೂ ಹಂಗ ನೋಡತಿತ್ತು."

ಜನ್ಮವಿಡೀ ಹೊಟ್ಟೆಕಿಚ್ಚಿನಲ್ಲಿ ನನ್ನನ್ನು ಮೀರಿಸುವವರಿಲ್ಲವೆಂದು ತಿಳಿದಿದ್ದೆ. ಆ ಕಿಚ್ಚಿಗೆ ನಿಜವಾದ ಹಕ್ಕುದಾರಳು ಗೇಟಿನಾಚೆ ನಿಂತಿದ್ದಳು. ಅಂಥವಳೇ ಇನ್ನೊಬ್ಬಳು ಗೋಥೆನ್‌ಬರ್ಗಿನ ಯಾವುದೋ ಮನೆಯಲ್ಲಿ, ಕುತ್ತಿಗೆಗೆ ಬೀಗದ ಕೈ ಹಾಕಿಕೊಂಡು, ನನ್ನ ಮಗಳ ಸಲುವಾಗಿ ತಡವಾಗುತ್ತಿದ್ದ ತಾಯಿಗೆ ಕಾದಿದ್ದಳು.

"ಆ ಹುಡುಗಿ ಹೆಸರೇನಿತ್ತು ಅವ್ವಾ?"

"ಏ, ಅದನ್ಯಾರು ಕೇಳ್ಯಾರವಾ" ಎಂದಳು ಅವ್ವ.